ಸಾನ್ ಸತೂರಿಯೊ ಮೆಟ್ಟಿಲು ಹತ್ತಿ ಬಂದೆ

ಮೊನ್ನೆ ಭಾನುವಾರ ಸಾನ್ ಸತೂರಿಯೊ ಗುಹೆಯ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ಜನವರಿಯ ಹಿಮದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವಳು ನಾನು. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಹೊರಟರೆ ಗಂಟಲು ಕಟ್ಟುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಊರಿನವರಿಗಾಗಿ ಎರಡು ಮಾತು. ಇದು ಸ್ಪೇನಿನ ಸೋರಿಯಾದಲ್ಲಿ, ದುಯೆರೊ ನದಿಯ ದಡದ ಬಂಡೆಗೆ ಆತುಕೊಂಡಿರುವ ಮಂದಿರ. ಸಿರಿವಂತರಾಗಿದ್ದ ಸತೂರಿಯೊ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಆರನೆಯ ಶತಮಾನದಲ್ಲಿ ಇಲ್ಲಿನ ಗುಹೆಯಲ್ಲಿ ಏಕಾಂತಕ್ಕೆ ಕುಳಿತರಂತೆ. ಮೇಲಿನ ಎಂಟು ಮೂಲೆಯ ಚಾಪೆಲ್ ಕಟ್ಟಿದ್ದು 1700ರ ಆಸುಪಾಸಿನಲ್ಲಿ. ಕೆಳಗೆ ಗುಹೆಯನ್ನು ಹೊಕ್ಕು, ಬಂಡೆಯ ನಡುವೆಯೇ ಏರುತ್ತ ಅಲ್ಲಿಗೆ ಹೋಗಬೇಕು.

ಮೊದಲ ನಮಸ್ಕಾರ ಪಕ್ಕದ ಮನೆಯ ಅಜ್ಜಿಗೆ. ಏಪ್ರಿಲ್‌ನಿಂದ ದಿನವೂ ಸಂಜೆ ಬಾಗಿಲು ತಟ್ಟಿ ನನ್ನನ್ನು ಹೊರಡಿಸಿದವರು ಅವರು. ಸಾನ್ ಪೋಲೊ ಕಮಾನು ದಾಟಿದರೆ ನದಿಯುದ್ದಕ್ಕೂ ಪಾಪ್ಲರ್ ಮರಗಳು. ಅವುಗಳ ತೊಗಟೆಯ ಮೇಲೆ ಪ್ರೇಮಿಗಳು ಕೆತ್ತಿದ ಹೆಸರುಗಳು. ಮರ ದಪ್ಪವಾದಂತೆ ಅಕ್ಷರಗಳೂ ಅಗಲಕ್ಕೆ ಬಿರಿದಿವೆ. "ಇವತ್ತಿಗೆ ಈ ಮರ ಸಾಕು, ನಾಳೆ ಅದು" ಎನ್ನುತ್ತಿದ್ದರು. ಬೇಗ ವಾಸಿಯಾಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ಅದಕ್ಕೇ ಅವರ ಮಾತನ್ನು ನಂಬಿದೆ.

ದಣಿದು ನಿಂತಾಗ ಕತೆ. ಹುಡುಗ ಪ್ರುದೆನ್ಸಿಯೊ ತನ್ನ ಮೇಲಂಗಿಯನ್ನು ನೀರಿನ ಮೇಲೆ ಹಾಸಿ, ನದಿ ದಾಟಿ ಸತೂರಿಯೊ ಬಳಿಗೆ ಬಂದು ಶಿಷ್ಯನಾದನಂತೆ. ಗುರು ಕರೆದರೆಂದು ನದಿಗೆ ಕಾಲಿಟ್ಟ ಪದ್ಮಪಾದರ ಹೆಜ್ಜೆಯಡಿ ತಾವರೆ ಅರಳಿದ ಕತೆಯನ್ನು ನಾನೂ ಹೇಳಿದೆ. ತೀರ್ಥಹಳ್ಳಿಯಲ್ಲಿ ಅಮ್ಮ ಹೇಳುತ್ತಿದ್ದ ಕತೆ, ನನ್ನ ಅರೆಬರೆ ಸ್ಪ್ಯಾನಿಷಿನಲ್ಲಿ. ಅಜ್ಜಿ ಅದನ್ನು ಮೂರು ಸಲ ಹೇಳಿಸಿಕೊಂಡರು.

ಮ್ಯಾಡ್ರಿಡ್‌ನಿಂದ ಸರದಿಯ ಮೇಲೆ ಬಸ್ಸು ಹತ್ತಿ ಬಂದ ಕನ್ನಡದ ಗೆಳತಿಯರೇ, ನೀವು ಮಾಡಿಟ್ಟು ಹೋದ ಸಾರಿನ ಪುಡಿ ಮೊನ್ನೆಯಷ್ಟೇ ಮುಗಿಯಿತು. ನನಗೆ ಸ್ನಾನ ಮಾಡಿಸಿದ್ದನ್ನು, ರಾತ್ರಿ ನೋವಿಗೆ ನಾನು ರೇಗಿದ್ದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ. ನೋವಾದರೂ ಕಾಲು ಎತ್ತಿಸಿದ ಫಿಸಿಯೋಥೆರಪಿಸ್ಟ್, ನಿಮಗೂ ಋಣಿ. ರಾತ್ರಿಯೆಲ್ಲ ಫೋನಿನ ಆ ತುದಿಯಲ್ಲಿ ಎಚ್ಚರವಿದ್ದ ಅಮ್ಮ, ನಿನಗೆ ಏನೆಂದು ಬರೆಯಲಿ?

ಭಾನುವಾರ ಅಜ್ಜಿ ಮೇಲೆ ಬರಲಿಲ್ಲ, ಅವರ ಮಂಡಿ ಒಪ್ಪಲಿಲ್ಲ. ಮೇಲಿನ ಕಿಟಕಿಯಿಂದ ಕಂಡೆ: ಕೆಳಗೆ ನದಿ, ದಡದ ಬೆಂಚಿನಲ್ಲಿ ಅವರು, ತೊಡೆಯ ಮೇಲೆ ನನ್ನ ಊರುಗೋಲು. ಕೈ ಬೀಸಿದೆ. ಅವರು ಎದ್ದು ನಿಂತು ಆ ಕೋಲನ್ನೇ ಎತ್ತಿ ಬೀಸಿದರು.