ಬಾಕಿ ಕೇಳುವವನ ಮಗಳಿಗೆ

ನನ್ನವ್ವಾ,

ಸೋಮವಾರ ನೀನು ಸರ್ಕಾರಿ ವಕೀಲರ ಕೈಕೆಳಗೆ ಸೇರುತ್ತೀಯ. ಮೊನ್ನೆ ಅದನ್ನು ಹೇಳುತ್ತಿದ್ದಾಗ ಮಾತು ಮುಗಿಯುವ ಮುಂಚೆಯೇ ಫೋನ್ ಇಟ್ಟುಬಿಟ್ಟೆ. ತಪ್ಪಾಯಿತು. ಆದರೆ "ಪರಿಹಾರಕ್ಕೆ ಇಷ್ಟು ಹಟ ಯಾಕಪ್ಪಾ, ಕೊಟ್ಟಷ್ಟು ತೆಗೆದುಕೊಂಡು ಬಿಡಬಾರದೇ" ಎಂದೆಯಲ್ಲ, ಅದು ಇನ್ನೂ ಚುಚ್ಚುತ್ತಿದೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದ್ದನ್ನು ಬರೆಯುವುದಿಲ್ಲ. ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿನಲ್ಲಿ ನೀನೂ ಬೆಳೆದವಳೇ. ನಾನು ಹೇಳಬೇಕಾದದ್ದು ಕುರ್ಚಿಗಳ ವಿಷಯ.

ಕೋರ್ಟು ಹೇಳಿದ ಪರಿಹಾರ ಕೊಡದ್ದಕ್ಕೆ ಸರ್ಕಾರಿ ಕಚೇರಿಯ ಸಾಮಾನು ಜಪ್ತಿಯಾದ ದಿನ, ಜಪ್ತಿ ಮಾಡುವ ಕೋರ್ಟಿನ ಅಮೀನರ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಹನ್ನೊಂದು ಕುರ್ಚಿ, ಎರಡು ಕಂಪ್ಯೂಟರ್, ಒಂದು ಮೇಜು. ಪ್ರತಿ ಕುರ್ಚಿಯ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು. ಒಂದರ ಬೆತ್ತ ಹರಿದು ನೀಲಿ ಪ್ಲಾಸ್ಟಿಕ್ ದಾರದಿಂದ ಹೆಣೆದಿದ್ದರು. ಅದರಲ್ಲಿ ಕೂರುತ್ತಿದ್ದ ಗುಮಾಸ್ತರ ಎದುರು ನಾನು ಹನ್ನೆರಡು ವರ್ಷ ನಿಂತಿದ್ದೇನೆ. ಅಂದು ಅವರು ನಿಂತಿದ್ದರು. ಸಂತೋಷವಾಯಿತು, ನಿನ್ನ ಹತ್ತಿರ ಮುಚ್ಚಿಡಲಾರೆ. ಮೇಜು ಎತ್ತುವಾಗ ಅವರು ನನ್ನ ಕಡೆ ತಿರುಗಿ, "ಡ್ರಾಯರಿನಲ್ಲಿ ನನ್ನ ಚಷ್ಮಾ ಇದೆ, ತೆಗೆದುಕೊಳ್ಳಲೇ?" ಎಂದು ಕೇಳಿದರು. ಅಮೀನರನ್ನಲ್ಲ, ನನ್ನನ್ನು.

ಕಚೇರಿಯವರು ಎರಡು ತಿಂಗಳ ಗಡುವು ಕೇಳಿ ಸಾಮಾನೆಲ್ಲ ವಾಪಸು ಒಯ್ದರು. ಅರ್ಧ ಹಣ ಬಂತು. ನಿನ್ನ ಕಾನೂನು ಕಾಲೇಜಿನ ಫೀ ಕಟ್ಟಿದ್ದು ಅದರಿಂದಲೇ. ಇದನ್ನು ನಿನಗೆ ಹೇಳಿರಲಿಲ್ಲ.

ಪರಿಹಾರ ಎಂಬ ಪದದಿಂದಲೇ ಜನ ಅದನ್ನು ದಾನ ಎಂದುಕೊಳ್ಳುತ್ತಾರೆ. ರಾಜ್ಯದ ಮೇಲೆ ದಾವೆ ಹೂಡಬಹುದು ಎಂದು ಸಂವಿಧಾನದ 300ನೇ ವಿಧಿಯೇ ಹೇಳುತ್ತದೆ ಎಂದು ನನಗೆ ಓದಿ ಹೇಳಿದವಳು ನೀನು. ನ್ಯಾಯಾಲಯ ಮೊತ್ತ ನಿಗದಿ ಮಾಡಿದ ಮೇಲೆ ಅದು ಸಾಲ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಜಾರಿ ಮಾಡಿಸಿ ಎಂದು ಹಾಕುವ ಅಮಲ್ಜಾರಿ ಅರ್ಜಿಯಲ್ಲಿ ನಾನು ಡಿಕ್ರಿದಾರ, ಸರ್ಕಾರ ಋಣಿ. ಡಿಕ್ರಿಯಾಗಿ ಮೂರು ತಿಂಗಳವರೆಗೂ ಹಣ ಕೊಡದಿದ್ದರೆ ಮಾತ್ರ ಸರ್ಕಾರದ ವಿರುದ್ಧ ಅಮಲ್ಜಾರಿ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ. ನಾನು ಕಾದದ್ದು ಆರು ವರ್ಷ.

ಇನ್ನು ನೀನು ವಾಯಿದೆ ಕೇಳುವವರ ಪಕ್ಕ ನಿಲ್ಲುತ್ತೀಯ. ಕೇಳುವ ಮುಂಚೆ ಬಡ್ಡಿ ಲೆಕ್ಕ ಹಾಕು. ನನ್ನಂಥ ಹಳೆಯ ಕೇಸುಗಳಿಗೆ ಅನ್ವಯಿಸುವ, 2014ರಲ್ಲಿ ರದ್ದಾದ 1894ರ ಭೂಸ್ವಾಧೀನ ಕಾಯಿದೆಯಲ್ಲಿ ಕೋರ್ಟು ಹೆಚ್ಚಿಸಿದ ಮೊತ್ತಕ್ಕೆ, ಸ್ವಾಧೀನವಾದ ಮೊದಲ ವರ್ಷ ಶೇ. 9, ಆಮೇಲೆ ಶೇ. 15. ಒಂದು ಲಕ್ಷಕ್ಕೆ ಹತ್ತು ವರ್ಷದಲ್ಲಿ ಬಡ್ಡಿಯೇ 1,44,000 ರೂಪಾಯಿ, ಅಸಲಿಗಿಂತ ಹೆಚ್ಚು. ಅದು ಬರುವುದು ಜನರ ತೆರಿಗೆಯಿಂದ. "ಬೇಗ ಕೊಟ್ಟುಬಿಡಿ" ಎಂದು ನಿನ್ನ ಹಿರಿಯರಿಗೆ ಹೇಳಿದರೆ ಸರ್ಕಾರಕ್ಕೇ ಉಪಕಾರ. ಕಡತ ಓದದೆ ನಿಲ್ಲಬೇಡ. ಎದುರಿನ ಮುದುಕನಿಗೆ ಕೂರಲು ಹೇಳು. ನೋಡು, ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಪೆನ್ನು ಹಿಡಿದಿದ್ದೆ.

ನನ್ನ ಭಯ ಬೇರೆ. ಆಲಮಟ್ಟಿಯ ನೀರು 519.60 ಮೀಟರಿಗೆ ನಿಂತಾಗ ನಮ್ಮ ಹೊಲ ಹೋಯಿತು. 524.256 ಮೀಟರಿಗೆ ಏರಿಸಲು 2010ರಲ್ಲೇ ಕೃಷ್ಣಾ ಜಲ ವಿವಾದ ನ್ಯಾಯಮಂಡಳಿ ಒಪ್ಪಿದೆ. ಏರಿಸಿದರೆ ನಿನ್ನ ಸೋದರಮಾವನ ಕಬ್ಬಿನ ಗದ್ದೆಯೂ ಹಿನ್ನೀರಿಗೆ ಸೇರುತ್ತದೆ. ಅವನೂ ಹೊಲದ ಉತಾರ ಹಿಡಿದು ನೀನು ನಿಂತಿರುವ ಕೋರ್ಟಿಗೇ ಬಂದರೆ, ನೀನು ಅವನ ಮುಖ ನೋಡುತ್ತೀಯೋ, ಕಡತದೊಳಗೆ ತಲೆ ಹಾಕುತ್ತೀಯೋ? ರಾತ್ರಿಯೆಲ್ಲ ಇದೇ ಯೋಚನೆ. ಆಗ ಮತ್ತೆ ಆ ಗುಮಾಸ್ತರ ಚಷ್ಮಾ ಕಣ್ಣ ಮುಂದೆ ಬರುತ್ತದೆ. ತೆಗೆದುಕೊಳ್ಳಿ ಎಂದು ತಕ್ಷಣ ಹೇಳಬೇಕಿತ್ತು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ, ಬೇಕೆಂದೇ.

ಶೆಡ್ಡಿನ ಹುಡುಗಿ ಕರಿಕೋಟು ಹಾಕಿಕೊಂಡಿದ್ದನ್ನು ಓಣಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಕೋರ್ಟಿನಲ್ಲಿ ಯಾರ ಪರ ಎಂದು ಮಾತ್ರ ಹೇಳಿಲ್ಲ. ನಾಳೆ ಹೇಳುತ್ತೇನೆ.

ಬುಧವಾರ ಕೋರ್ಟಿನಲ್ಲಿ ನನ್ನ ವಾಯಿದೆ. ಖರ್ಚಿಗಿದೆ, ಹಣ ಕಳಿಸಬೇಡ. ಸೋಮವಾರ ಸಂಜೆ ಫೋನ್ ಮಾಡು. ಈ ಸಲ ಇಡುವುದಿಲ್ಲ.

ನಿನ್ನ ಅಪ್ಪ