ಕಾಫಿ ರುಚಿ ನೋಡುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಈ ಸಲ ಒಂದೇ ಬೀಜವನ್ನು ಮೂರು ರೀತಿ ಮಾಡಿ ಕುಡಿಯೋಣ: ಪೋರ್ ಓವರ್ (ಪೇಪರ್ ಫಿಲ್ಟರ್‌ನಲ್ಲಿಟ್ಟ ಪುಡಿಯ ಮೇಲೆ ಬಿಸಿನೀರು ಸುರಿದು ಸೋಸುವುದು), ಫ್ರೆಂಚ್ ಪ್ರೆಸ್ (ಪುಡಿ ನೆನೆಸಿ, ಜಾಲರಿ ಒತ್ತಿ ಸೋಸುವುದು), ಎಸ್ಪ್ರೆಸೊ (ಮಷೀನಿನ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ). ಎಸ್ಪ್ರೆಸೊ ಮಷೀನ್ ಇಲ್ಲದವರು ಎರಡೇ ಮಾಡಿ, ಪರವಾಗಿಲ್ಲ.

ಪೋರ್ ಓವರ್‌ಗೆ 15 ಗ್ರಾಂ ಪುಡಿ, 240 ಗ್ರಾಂ ನೀರು. ಪ್ರೆಸ್‌ಗೂ ಅದೇ ಅಳತೆ. ಪುಡಿ ಮಾತ್ರ ತರಿತರಿಯಾಗಿರಲಿ, 4 ನಿಮಿಷ ನೆನೆಯಲಿ. ಅಳತೆ ಬದಲಾದರೆ ಹೋಲಿಸೋದು ಹೇಗೆ, ಅಲ್ವಾ? ಎಸ್ಪ್ರೆಸೊ ಲೆಕ್ಕ ಬೇರೆ: 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ.

ಪೇಪರ್ ಫಿಲ್ಟರ್ ಎಣ್ಣೆಯನ್ನೂ ನುಣ್ಣನೆ ಪುಡಿಯನ್ನೂ ತಡೆಯುತ್ತದೆ. ಹಾಗಾಗಿ ಹುಳಿ, ಹಣ್ಣಿನ ಘಮ ಚೆನ್ನಾಗಿ ಗೊತ್ತಾಗುತ್ತದೆ. ಪ್ರೆಸ್‌ನ ಜಾಲರಿ ಎರಡನ್ನೂ ಬಿಡುತ್ತದೆ, ಬಾಯಿಗೆ ದಪ್ಪ ಅನ್ನಿಸುವುದು ಅದಕ್ಕೇ. ಅದನ್ನು ಬೀಜದ ಗುಣ ಅಂತ ಅಂಕ ಕೊಡಬೇಡಿ.

ಬಿಸಿ ಇರುವಾಗಲೇ ತೀರ್ಪು ಬೇಡ. ಒಂದು ಗುಟುಕು ಆಗಲೇ, ಇನ್ನೊಂದು ಉಗುರುಬೆಚ್ಚಗಾದಾಗ, ಮತ್ತೊಂದು ಪೂರ್ತಿ ಆರಿದ ಮೇಲೆ. ಒಳ್ಳೆಯ ಬೀಜದ ಸಿಹಿ ಆರುತ್ತಾ ಬಂದಾಗಲೇ ಸಿಗೋದು. ಕೆಟ್ಟದರ ಬಂಡವಾಳವೂ ಆಗಲೇ ಬಯಲಾಗುತ್ತದೆ. ಸೊರ್ ಅಂತ ಸದ್ದು ಮಾಡಿಯೇ ಹೀರಿ, ನಾಚಿಕೆ ಬೇಡ. ಗಾಳಿ ಸೇರಿದರೆ ಪರಿಮಳ ಮೂಗಿಗೆ ಏರುತ್ತದೆ.

ಸುಮ್ನೆ ‘ಸೂಪರ್’ ಅಂತ ಬರೆಯಬೇಡಿ. ಹುಳಿ ನಿಂಬೆಯ ಥರವೋ ಹಸಿರು ಸೇಬಿನ ಥರವೋ, ನುಂಗಿದ ಮೇಲೆ ಎಷ್ಟು ಹೊತ್ತು ಉಳಿಯಿತು ಅಂತ ಬರೆಯಿರಿ. ಬೀಜ ಹುರಿದ ತಾರೀಕೂ ಇರಲಿ. ಒಬ್ಬರದು ನೋಡಿ ಇನ್ನೊಬ್ಬರಿಗೂ ಅದೇ ರುಚಿ ಬಂದುಬಿಡುತ್ತದೆ, ಅದಕ್ಕೆ ಗುಂಪಿಗೆ ಹಾಕದೆ ಮೊದಲು ನನಗೊಬ್ಬನಿಗೆ ಕಳಿಸಿ.