ಮಷಿನ್ ಮುಂದೆ ಕೂತ ಅವ್ವ

ಮಾನ್ಯರೇ,

ನಾನು ಬೆಟಗೇರಿಯಲ್ಲಿ ಜಂಪರ್ ಹೊಲಿಯುವವಳು. ಸೀರೆಗೆ ಫಾಲ್ ಹಚ್ಚುತ್ತೇನೆ, ಪಿಕೋ ಮಾಡುತ್ತೇನೆ. ಮಗಳು ಚಿತ್ರಕಲೆ ಓದುತ್ತಿದ್ದಾಳೆ. ಈ ಸಲ ಪ್ರಬಂಧಕ್ಕೆ ಚಿಕಾನಾ ಕಲಾವಿದೆಯರನ್ನು ಆರಿಸಿಕೊಂಡಳು. ಅಂದರೆ ಮೆಕ್ಸಿಕೋ ಮೂಲದ, ಅಮೆರಿಕದಲ್ಲಿ ಬೆಳೆದ ಹೆಣ್ಣುಮಕ್ಕಳು. ಕಾಲೇಜಿನಲ್ಲಿ ಒಬ್ಬರು 'ಅವರನ್ನು ಓದಿ ನಿನಗೇನು ಸಿಗುತ್ತದೆ?' ಅಂದರಂತೆ. ಮೊದಲು ನಾನೂ ಅದನ್ನೇ ಕೇಳಿದ್ದೆ. ಫೀ ಕಟ್ಟುವವಳು ನಾನು ಅಲ್ವಾ?

ಒಂದು ರಾತ್ರಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಅವರಲ್ಲೊಬ್ಬಳಾದ ಯೋಲಾಂಡಾ ಲೋಪೆಸ್ 1978ರಲ್ಲಿ ಬರೆದದ್ದು. ನಮ್ಮ ಕಡೆ ಎಲ್ಲಮ್ಮನ ಫೋಟೋ ಇರುವ ಹಾಗೆ ಮೆಕ್ಸಿಕೋದವರ ಮನೆಗಳಲ್ಲಿ ಗ್ವಾಡಲೂಪೆ ಮಾತೆಯ, ಅಂದರೆ ಮೇರಿ ಮಾತೆಯ, ಪಟ ಇರುತ್ತದಂತೆ. ಮೈಸುತ್ತ ಕಿರಣ, ತಲೆಮೇಲಿಂದ ನಕ್ಷತ್ರದ ಹೊದಿಕೆ. ಲೋಪೆಸ್ ಆ ಕಿರಣಗಳ ನಡುವೆ ತನ್ನ ಅವ್ವನನ್ನು ಕೂರಿಸಿದ್ದಾಳೆ. ಅವ್ವ ಹೊಲಿಗೆ ಮಷಿನ್ ಮುಂದೆ ಕೂತು ಆ ನಕ್ಷತ್ರದ ಬಟ್ಟೆಯನ್ನು ತಾನೇ ಹೊಲಿಯುತ್ತಿದ್ದಾಳೆ! ಇನ್ನೊಂದರಲ್ಲಿ ಅಜ್ಜಿ, ಕೈಯಲ್ಲಿ ಚಾಕು ಮತ್ತು ಸುಲಿದ ಹಾವಿನ ಚರ್ಮ. ಮತ್ತೊಂದರಲ್ಲಿ ಲೋಪೆಸ್ ಬೂಟು ಹಾಕಿಕೊಂಡು ಓಡಿ ಬರುತ್ತಾಳೆ. ದೇವಿಯನ್ನು ಹೀಗೆ ಬರೆಯಬಹುದಾ ಅಂತ ನನಗೆ ಈಗಲೂ ಸ್ವಲ್ಪ ಅಳುಕಿದೆ. ಆದರೂ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅಲ್ಲಿಯವರೆಗೆ ಮಗಳು ಹಂಪಿಯ ಕಲ್ಲಿನ ರಥ ಬರೆಯುತ್ತಿದ್ದಳು, ಇಲ್ಲವೇ ಕೊಡ ಹೊತ್ತ ಹುಡುಗಿ. ನಮ್ಮ ಮನೆಯಲ್ಲಿ ಕೊಡ ಹೊತ್ತು ಎಷ್ಟೋ ವರ್ಷವಾಯಿತು. ಈಗ ಬಾಬಿನ್ ಬರೆಯುತ್ತಾಳೆ, ನನ್ನ ಕೊರಳಿನ ಟೇಪು ಬರೆಯುತ್ತಾಳೆ. ನನ್ನನ್ನು ಸ್ವಲ್ಪ ದಪ್ಪ ಮಾಡಿದ್ದಾಳೆ, ಇರಲಿ. ಆಮೇಲೆ ನಮ್ಮ ಅತ್ತೆಯ ಕೌದಿ ಹರವಿಕೊಂಡು ಕೂತಳು. 'ಅಜ್ಜಿ, ಈ ತುಂಡು ಯಾರದು?' ಅಂತ ಒಂದೊಂದನ್ನೇ ಕೇಳಿದಳು. ಒಂದು ಹಸಿರು ತುಂಡು ಅತ್ತೆಯ ತಂಗಿಯ ಲಂಗದ್ದಂತೆ, ಆ ತಂಗಿ ಚಿಕ್ಕವಳಿದ್ದಾಗಲೇ ತೀರಿಕೊಂಡಳಂತೆ. ಇಪ್ಪತ್ತೆರಡು ವರ್ಷದಿಂದ ಆ ಕೌದಿ ಒಗೆಯುತ್ತಿದ್ದೇನೆ, ನನಗೆ ಗೊತ್ತೇ ಇರಲಿಲ್ಲ.

ಇನ್ನೊಬ್ಬ ಚಿಕಾನಾ ಕಲಾವಿದೆ ಎಸ್ಟರ್ ಹೆರ್ನಾಂಡೆಸ್ ಎಂಬುವರು ಕ್ಯಾಲಿಫೋರ್ನಿಯಾದ ಹೊಲಗೆಲಸದ ಮನೆತನದವರು. 1982ರಲ್ಲಿ ಒಣದ್ರಾಕ್ಷಿ ಡಬ್ಬಿಯ ಮೇಲಿನ ನಗುವ ಹುಡುಗಿಯನ್ನು ಅಸ್ಥಿಪಂಜರ ಮಾಡಿ ಮುದ್ರಿಸಿದರು. ಬೆಳೆಗೆ ಹೊಡೆಯುವ ವಿಷದ ಮೇಲಿನ ಸಿಟ್ಟು ಅದು. ನನ್ನ ತವರು ಬ್ಯಾಡಗಿ ಕಡೆ. ಮೆಣಸಿನಗಿಡಕ್ಕೆ ಎಣ್ಣೆ ಹೊಡೆದ ದಿನ ಅಣ್ಣನಿಗೆ ಊಟ ಸೇರುವುದಿಲ್ಲ. ಮಗಳು ಮಾವನಿಗೆ ಫೋನ್ ಮಾಡಿ ಆ ಎಣ್ಣೆಗಳ ಹೆಸರು ಬರೆದುಕೊಂಡಿದ್ದಾಳೆ. ಖಾರದಪುಡಿ ಪಾಕೀಟಿನ ಚಿತ್ರ ಶುರುವಾಗಿದೆ.

ಸುಮ್ನೆ ಮಾರ್ಕ್ಸಿಗೆ ಓದಿದ್ದರೆ ಇದೆಲ್ಲ ಆಗುತ್ತಿತ್ತಾ?

ಇವರ ಬಗ್ಗೆ ಅವಳಿಗೆ ಇಲ್ಲಿ ಒಂದು ಪುಸ್ತಕವೂ ಸಿಗಲಿಲ್ಲ. ಇಂಗ್ಲಿಷ್ ಓದಿ ನನಗೆ ಬಿಡಿಸಿ ಹೇಳುತ್ತಾಳೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಈ ಕಲಾವಿದೆಯರ ಬಗ್ಗೆ ಕನ್ನಡದಲ್ಲಿ ಬರೆಸಿರಿ. ಆ ಮಷಿನ್ ಚಿತ್ರವನ್ನು ದೊಡ್ಡದಾಗಿ ಹಾಕಿರಿ. ಮೊಬೈಲಿನಲ್ಲಿ ನನಗೆ ದಾರ ಕಾಣುವುದಿಲ್ಲ.

– ಒಬ್ಬ ತಾಯಿ, ಬೆಟಗೇರಿ, ಗದಗ